ಹೊಳೆಯುವ ಟೈಪ್‌ರೈಟರ್ ಕಂಡರೆ ಹುಷಾರು

ಮನೆಯ ಅಟ್ಟದಲ್ಲೋ ಮುಚ್ಚಿಹೋದ ಟೈಪಿಂಗ್ ಶಾಲೆಯ ಮೂಲೆಯಲ್ಲೋ ಹಳೆಯ ಟೈಪ್‌ರೈಟರ್ ಸಿಕ್ಕಿದ್ದು, ಅದನ್ನು ಯಾರ ಕೈಗಾದರೂ ಕೊಟ್ಟು ಸರಿಮಾಡಿಸಬೇಕು ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ‘ಹಳೆಯದನ್ನು ಹೊಸದರಂತೆ ಮಾಡಿಕೊಡುತ್ತೇವೆ’ ಎಂದು ಮೊಬೈಲ್‌ನಲ್ಲಿ ರಿಪೇರಿಗೆ ಮೊದಲಿನದು, ಆಮೇಲಿನದು ಎಂಬ ಜೋಡಿ ಫೋಟೊ ಹಾಕಿ ಗಿರಾಕಿ ಹಿಡಿಯುವವನೊಬ್ಬ ನನ್ನ ಕನ್ನಡ ಯಂತ್ರವನ್ನು ಹಾಳುಮಾಡಿ, ಹಾಗೆ ಮಾಡಿದ್ದಕ್ಕೆ ದುಡ್ಡನ್ನೂ ವಸೂಲು ಮಾಡಿದ್ದಾನೆ. ಆತನ ಹೆಸರು ಹಾಕುವುದಿಲ್ಲ. ಹೆಸರು ಬದಲಿಸುವುದು ಅವನಿಗೆ ಅಂಗಿ ಬದಲಿಸಿದಷ್ಟೇ ಸುಲಭ ಎಂಬುದನ್ನು ಆಮೇಲೆ ಕಂಡಿದ್ದೇನೆ. ಕೆಲಸದ ಗುರುತು ಹೇಳುತ್ತೇನೆ, ಅದನ್ನು ಬದಲಿಸಲು ಅವನಿಗೆ ಬರುವುದಿಲ್ಲ.

ಯಂತ್ರ ರೆಮಿಂಗ್ಟನ್, ಮೇಜಿನ ಮೇಲೆ ಕೂರುವ ದೊಡ್ಡ ಮಾದರಿ. ಟೈಪಿಂಗ್ ಶಾಲೆಯೊಂದರಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವ ಹುಡುಗ ಹುಡುಗಿಯರು ಸರದಿಯ ಮೇಲೆ ಕುಟ್ಟಿ ಕುಟ್ಟಿ ಕೀಲಿಗಳ ಅಂಚು ನುಣ್ಣಗಾಗಿತ್ತು. ಶಾಲೆ ಮುಚ್ಚಿದಾಗ ಇಂಗ್ಲಿಷ್ ಯಂತ್ರಗಳೆಲ್ಲ ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು, ಕನ್ನಡದ್ದೊಂದನ್ನು ನಾನು ತಂದೆ. ಇಂಗ್ಲಿಷ್ ಯಂತ್ರ ಕೆಟ್ಟರೆ ಇನ್ನೊಂದು ಸಿಗುತ್ತದೆ, ಬಿಡಿಭಾಗಕ್ಕೆಂದೇ ಒಂದನ್ನು ಕೊಂಡು ಬಿಚ್ಚಬಹುದು. ಕೆ. ಅನಂತ ಸುಬ್ಬರಾವ್ ಅವರು ರೂಪಿಸಿದ ಕೀಲಿಮಣೆಯ ಕನ್ನಡ ಯಂತ್ರಗಳಿಗೆ ಆ ಭಾಗ್ಯವಿಲ್ಲ. ಒಂದು ಅಕ್ಷರದ ಅಚ್ಚು ಹೋದರೂ ಅದಕ್ಕೆ ಜೊತೆ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಅದಕ್ಕೆ ಇದ್ದ ಕಾಯಿಲೆ ದೊಡ್ಡದೇನಲ್ಲ. ಕೀಲಿ ಒತ್ತಿದಾಗ ಎದ್ದು ಕಾಗದಕ್ಕೆ ಬಡಿಯುವ ಅಕ್ಷರದ ಕಡ್ಡಿಗಳಲ್ಲಿ ಕೆಲವು ಮೇಲೆದ್ದರೆ ಕೆಳಗಿಳಿಯಲು ತಡಮಾಡುತ್ತಿದ್ದವು. ಕಾಗದ ಸುತ್ತುವ ರೋಲರ್‌ನ ರಬ್ಬರ್ ವಯಸ್ಸಾಗಿ ಗಟ್ಟಿಯಾಗಿ, ಅಕ್ಷರ ಬಿದ್ದಾಗಲೆಲ್ಲ ಸದ್ದು ಜೋರಾಗುತ್ತಿತ್ತು, ಕಾಗದ ಜಾರುತ್ತಿತ್ತು. ಕಡ್ಡಿ ಶುಚಿಮಾಡುವುದು ಮನೆಯಲ್ಲೇ ಆಗುವ ಕೆಲಸ, ರೋಲರ್‌ಗೆ ಹೊಸ ರಬ್ಬರ್ ಹಾಕುವುದು ಅಲ್ಲ. ಅದಕ್ಕಾಗಿ ಈತನನ್ನು ಹಿಡಿದೆ. ಬಣ್ಣ ಮುಟ್ಟಬಾರದು, ಕಂಪನಿಯ ಹೆಸರು ಮತ್ತು ಬಂಗಾರದ ಗೆರೆಗಳು ಹಾಗೆಯೇ ಇರಬೇಕು, ಬಿಚ್ಚಿದ ಯಾವ ಭಾಗವನ್ನೂ ಎಸೆಯಬಾರದು ಎಂದು ಬರೆದೇ ಕಳುಹಿಸಿದೆ. ‘ಆಯಿತು ಸರ್’ ಎಂಬ ಉತ್ತರ ಇವತ್ತಿಗೂ ನನ್ನ ಮೊಬೈಲ್‌ನಲ್ಲಿದೆ.

ಹೇಳಿದ ಗಡುವು ಮುಗಿದು ಬಹಳ ಕಾಲವಾದ ಮೇಲೆ ಯಂತ್ರ ಬಂತು. ಕನ್ನಡಿಯಂತೆ ಮುಖ ಕಾಣುವ ಕಪ್ಪು ಬಣ್ಣ. ಹಳೆಯ ಹೆಸರನ್ನು ಉಜ್ಜಿ ತೆಗೆದು ಅದರ ಜಾಗದಲ್ಲಿ ಮದುವೆ ಕಾರ್ಡಿನ ಮೇಲಿರುವಂತಹ ಬಂಗಾರದ ಸ್ಟಿಕ್ಕರ್. ಬಿಚ್ಚದೆಯೇ ಸ್ಪ್ರೇ ಹೊಡೆದಿದ್ದರಿಂದ ಒಳಗಿನ ಸ್ಪ್ರಿಂಗುಗಳ ಮೇಲೆಲ್ಲ ಬಣ್ಣದ ಹನಿ. ಗಾಜಿನ ತಲೆಯ ಕೀಲಿಗಳ ಉಂಗುರ ಎಬ್ಬಿಸಿ, ಒಳಗಿದ್ದ ಹಳದಿಯಾದ ಅಕ್ಷರದ ಬಿಲ್ಲೆಗಳನ್ನು ತೆಗೆದು, ಕಂಪ್ಯೂಟರ್‌ನಲ್ಲಿ ಅಚ್ಚು ಹಾಕಿಸಿದ ಬಿಳಿ ಬಿಲ್ಲೆಗಳನ್ನು ಕೂರಿಸಿದ್ದ. ಕೂರಿಸುವಾಗ ಸ್ಥಾನವನ್ನೂ ಅದಲುಬದಲು ಮಾಡಿದ್ದ. ‘ಮ’ ಎಂದಿರುವ ಕೀಲಿ ಒತ್ತಿದರೆ ‘ನ’ ಬೀಳುತ್ತದೆ.

ಬೀಳುತ್ತದೆ ಎಂದರೂ ಪುಣ್ಯ. ಒಮ್ಮೆ ಮೇಲೆದ್ದ ಕಡ್ಡಿ ಶಾಯಿಯ ರಿಬ್ಬನ್ನಿಗೆ ಅಂಟಿಕೊಂಡೇ ನಿಲ್ಲುತ್ತಿತ್ತು, ಬೆರಳಿನಿಂದ ಕೆಳಗಿಳಿಸಬೇಕು. ಮೂಗು ಹತ್ತಿರ ಒಯ್ದರೆ ಕೊಬ್ಬರಿಎಣ್ಣೆಯ ವಾಸನೆ! ಅಕ್ಷರದ ಕಡ್ಡಿಗಳೆಲ್ಲ ಬುಡದಲ್ಲಿ ಒಂದು ಕಮಾನಿನಾಕಾರದ ಲೋಹದ ಪಟ್ಟಿಯ ಕಿರಿದಾದ ಸೀಳುಗಳಲ್ಲಿ ಕೂರುತ್ತವೆ. ಸೆಗ್ಮೆಂಟ್ ಎನ್ನುತ್ತಾರೆ. ಅದು ಒಣಗಿರಬೇಕು. ಎಣ್ಣೆ ಹಾಕಿದರೆ ಆ ದಿನ ಕಡ್ಡಿಗಳು ಕುಣಿಯುತ್ತವೆ, ವಿಡಿಯೊ ಚೆನ್ನಾಗಿ ಬರುತ್ತದೆ. ಆಮೇಲೆ ದೂಳು, ರಬ್ಬರಿನ ಪುಡಿ, ರಿಬ್ಬನ್ನಿನ ನೂಲು ಎಲ್ಲ ಸೇರಿ ಸೀಳುಗಳಲ್ಲಿ ಮೇಣದಂತೆ ಕೂರುತ್ತದೆ. ಅದರಲ್ಲೂ ಕೊಬ್ಬರಿಎಣ್ಣೆ ಬೆಂಗಳೂರಿನ ಡಿಸೆಂಬರ್ ಚಳಿಗೇ ಹೆಪ್ಪುಗಟ್ಟುವ ವಸ್ತು. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳ ಕಥೆಯೂ ಹೆಚ್ಚು ಬೇರೆಯಲ್ಲ. ಹೊಲಿಗೆ ಯಂತ್ರದ ಎಣ್ಣೆಗೆ ಟೈಪ್‌ರೈಟರ್‌ನಲ್ಲಿ ಜಾಗವಿದೆ, ಕಾಗದ ಹಿಡಿದು ಅಕ್ಷರ ಬಿದ್ದಂತೆ ಪಕ್ಕಕ್ಕೆ ಸರಿಯುವ ಕ್ಯಾರೇಜ್ ಓಡುವ ಹಳಿಯ ಮೇಲೆ, ಅದೂ ಒಂದೆರಡು ಹನಿ.

ರೋಲರ್ ಮಾತ್ರ ಹೊಸದರಂತೆ ಕಡುಗಪ್ಪಾಗಿತ್ತು. ಕಾಗದ ಹಾಕಿ ತಿರುಗಿಸಿದೆ, ಕಾಗದದ ಬೆನ್ನೆಲ್ಲ ಕಪ್ಪು. ರಬ್ಬರ್ ಹಾಕಿಸಿಯೇ ಇರಲಿಲ್ಲ. ಅದೇ ಕಲ್ಲಿನಂತಹ ಹಳೆಯ ರೋಲರ್‌ಗೆ ಬೂಟ್ ಪಾಲಿಶ್ ತಿಕ್ಕಿದ್ದ. ಬಿಲ್ಲಿನಲ್ಲಿ ‘ಹೊಸ ರಬ್ಬರ್’ ಎಂದು ಪ್ರತ್ಯೇಕ ಸಾಲು, ಪ್ರತ್ಯೇಕ ಮೊತ್ತ.

ಫೋನ್ ಮಾಡಿದೆ. ಆತ ಹೆದರಲಿಲ್ಲ, ಹೆಮ್ಮೆಯಿಂದಲೇ ಮಾತನಾಡಿದ.

‘ಸರ್, ನೀವು ಹೇಳದೇ ಇದ್ದ ಒಂದು ರಿಪೇರಿಯನ್ನೂ ಮಾಡಿದ್ದೇನೆ. ಕೆಲವು ಕೀಲಿ ಒತ್ತಿದರೆ ಕ್ಯಾರೇಜ್ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಈಗ ಎಲ್ಲವೂ ಹೋಗುತ್ತವೆ.’

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೊಟ್ಟೆ ಉರಿದದ್ದು ಇಲ್ಲಿ. ಕನ್ನಡ ಯಂತ್ರದಲ್ಲಿ ಕೆಲವು ಕೀಲಿಗಳು ಕ್ಯಾರೇಜನ್ನು ಸರಿಸಬಾರದು. ಅಕ್ಷರವೂ ಅದರ ಒತ್ತೂ ಒಂದೇ ಜಾಗದಲ್ಲಿ, ಮೇಲೆ ಕೆಳಗೆ ಬೀಳಬೇಕಲ್ಲ? ಅದಕ್ಕೆಂದೇ ಆ ಕಡ್ಡಿಗಳು ಕ್ಯಾರೇಜ್ ಸರಿಸುವ ಪಟ್ಟಿಗೆ ತಾಗದಂತೆ ಕಾರ್ಖಾನೆಯಲ್ಲೇ ಮಾಡಿರುತ್ತಾರೆ. ಭಾರತದ ಲಿಪಿಗಳನ್ನು ಟೈಪ್‌ರೈಟರ್‌ಗೆ ಒಗ್ಗಿಸಿದ ಜಾಣತನವೇ ಅದು. ಈ ಮಹಾಶಯ ಅದನ್ನು ರೋಗ ಎಂದು ತಿಳಿದು, ಆ ಕಡ್ಡಿಗಳಿಗೆಲ್ಲ ತಗಡಿನ ಚೂರು ಬೆಸೆದು ಗುಣಪಡಿಸಿದ್ದ. ಈಗ ‘ಅಮ್ಮ’ ಎಂದು ಹೊಡೆದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ.

‘ಇದರಲ್ಲಿ ಇನ್ನು ಕನ್ನಡ ಬರೆಯಲು ಆಗುವುದಿಲ್ಲ’ ಎಂದೆ.

‘ಸರ್, ಶೋಕೇಸಿನಲ್ಲಿ ಇಡುವ ವಸ್ತು. ಇದರಲ್ಲಿ ಯಾರು ಬರೆಯುತ್ತಾರೆ?’ ಎಂದ. ಮೂಲ ರಿಬ್ಬನ್ ಸುರುಳಿಗಳು ಎಲ್ಲಿ, ಹಳೆಯ ಅಕ್ಷರದ ಬಿಲ್ಲೆಗಳು ಎಲ್ಲಿ ಎಂದು ಕೇಳಿದ ಮೇಲೆ ಕರೆ ಕಡಿತವಾಯಿತು. ಆಮೇಲೆ ನನ್ನ ಸಂಖ್ಯೆಯನ್ನೇ ಬ್ಲಾಕ್ ಮಾಡಿದ.

ಹಿಂದೆ ಕಚೇರಿ, ಕೋರ್ಟುಗಳ ಯಂತ್ರಗಳನ್ನು ವಾರ್ಷಿಕ ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಯಂತ್ರ ಹೊತ್ತುಕೊಂಡು ಹೋದೆ. ಅವರು ಕೀಲಿ ಮುಟ್ಟಲೇ ಇಲ್ಲ. ಕನ್ನಡಕ ಹಣೆಗೇರಿಸಿ, ಟಾರ್ಚ್ ಹಾಕಿ ಅಚ್ಚುಗಳ ಮುಖ ನೋಡಿದರು. ‘ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜಿದ್ದಾನೆ ಸ್ವಾಮಿ’ ಎಂದರು. ‘ಸೊನ್ನೆಯೊಳಗೆ ಶಾಯಿ ಕೂತಿದ್ದರೆ ಗುಂಡುಸೂಜಿ ಸಾಕು. ಇಲ್ಲಿ ನೋಡಿ, ಒತ್ತುಗಳ ಅಂಚೇ ಇಲ್ಲ.’ ಮಸೂರದಲ್ಲಿ ನೋಡಿದರೆ ನಿಜ. ಕೂದಲಿನಷ್ಟು ಸಪೂರವಾಗಿದ್ದ ಬಳುಕುಗಳು ಚಪ್ಪಟೆಯಾಗಿದ್ದವು. ಬೆಸೆದ ತಗಡನ್ನು ಅವರು ಅರದಿಂದ ತೆಗೆದುಕೊಟ್ಟಿದ್ದಾರೆ, ಸೆಗ್ಮೆಂಟನ್ನು ಶುಚಿಮಾಡಿ ಒಣಗಿಸಿದ್ದಾರೆ. ಸವೆದ ಅಚ್ಚಿಗೆ ಮದ್ದಿಲ್ಲ.

ಈಗ ಆತನ ಇನ್ನೊಂದು ವ್ಯಾಪಾರದ ಮಾತು. ಬೇರೆ ಹೆಸರಿನಲ್ಲಿ ಬಂದ ಮಾರಾಟದ ಜಾಹೀರಾತನ್ನು ಗೆಳೆಯರೊಬ್ಬರು ಕಳುಹಿಸಿದರು. ಅದೇ ಕಪ್ಪು, ಅದೇ ಸ್ಟಿಕ್ಕರ್, ಫೋಟೊದ ಹಿಂದೆ ಅವನ ಜೋಡಿ ಫೋಟೊಗಳಲ್ಲಿದ್ದ ಅದೇ ಹಸಿರು ಪರದೆ. ‘1915ರ ರೆಮಿಂಗ್ಟನ್ ರ‍್ಯಾಂಡ್, ಅರಮನೆಯಲ್ಲಿ ಬಳಸಿದ್ದು, ಅಪರೂಪದ್ದು’ ಎಂದು ಬರೆದಿದ್ದಾನೆ. ರೆಮಿಂಗ್ಟನ್ ಟೈಪ್‌ರೈಟರ್ 1915ರಲ್ಲಿ ಇತ್ತು, ಸರಿ. ಆ ಮನೆತನದ ಮೊದಲ ಯಂತ್ರ ಮಾರುಕಟ್ಟೆಗೆ ಬಂದದ್ದೇ 1874ರಲ್ಲಿ. ಆದರೆ ‘ರೆಮಿಂಗ್ಟನ್ ರ‍್ಯಾಂಡ್’ ಎಂಬ ಕಂಪನಿ ಹುಟ್ಟಿದ್ದು 1927ರಲ್ಲಿ, ವಿಲೀನದ ನಂತರ. ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ಅದು ಅರಮನೆಗೆ ಯಂತ್ರ ಮಾರಿತ್ತಂತೆ! ಇಂಥವರ ಅಂಗಡಿಯಲ್ಲಿ ಗೋದ್ರೆಜ್ ಯಂತ್ರಕ್ಕೂ ‘ಬ್ರಿಟಿಷರ ಕಾಲದ್ದು’ ಎಂಬ ಚೀಟಿ ನೇತಾಡುತ್ತಿರುತ್ತದೆ. ಗೋದ್ರೆಜ್ ಮೊದಲ ಟೈಪ್‌ರೈಟರ್ ಮಾಡಿದ್ದು 1955ರಲ್ಲಿ. ಒಳ್ಳೆಯ ಗಟ್ಟಿ ಯಂತ್ರಗಳು ಅವು, ಸುಳ್ಳಿನ ಹಂಗು ಅವಕ್ಕೆ ಬೇಕಿಲ್ಲ.

ನಿಜವಾದ ಇಸವಿ ತಿಳಿಯುವುದು ಕ್ರಮಸಂಖ್ಯೆಯಿಂದ. ಬಹಳಷ್ಟು ದೊಡ್ಡ ಯಂತ್ರಗಳಲ್ಲಿ ಕ್ಯಾರೇಜನ್ನು ಒಂದು ಬದಿಗೆ ಪೂರ್ತಿ ಸರಿಸಿದರೆ ಚೌಕಟ್ಟಿನ ಮೇಲೆ ಒತ್ತಿರುವ ಅಂಕಿಗಳು ಕಾಣುತ್ತವೆ. ಅದರ ಹತ್ತಿರದ ಫೋಟೊ ಕೇಳಿ. ಬಣ್ಣದಡಿ ಮುಚ್ಚಿಹೋಗಿದೆ ಎಂದರೆ ಆ ಮಾತು ಅಲ್ಲಿಗೇ ಬಿಡಿ. ಟೈಪ್ ಮಾಡಿದ ಹಾಳೆಯ ಫೋಟೊವನ್ನು ನಂಬಬೇಡಿ, ಹಾಳೆ ಬೇರೆ ಯಂತ್ರದ್ದಾಗಿರಬಹುದು. ನಿಮ್ಮ ಹೆಸರನ್ನೂ ಆ ದಿನದ ತಾರೀಖನ್ನೂ ಹೊಡೆಯುವ ವಿಡಿಯೊ ಕೇಳಿ. ಸಾಲಿನ ಕೊನೆಯವರೆಗೆ ಹೋಗಲಿ, ಗಂಟೆ ಬಾರಿಸಲಿ, ಹಿಂದಕ್ಕೆ ಎಳೆದು ಎರಡನೆಯ ಸಾಲು ಶುರುವಾಗಲಿ. ಕನ್ನಡ ಯಂತ್ರವಾದರೆ ಒತ್ತಕ್ಷರ ತುಂಬಿದ ಒಂದು ಸಾಲು ಹೊಡೆಸಿ, ಕಳ್ಳತನ ಅಲ್ಲೇ ಸಿಕ್ಕಿಬೀಳುತ್ತದೆ.

ಇದಕ್ಕೆ ವಿರುದ್ಧವಾಗಿ, ‘ಕ್ಯಾರೇಜ್ ಅಲುಗುವುದೇ ಇಲ್ಲ, ಸತ್ತಿದೆ’ ಎಂದು ಅಗ್ಗಕ್ಕೆ ಮಾರುವ ದೂಳು ಹಿಡಿದ ಯಂತ್ರಕ್ಕೆ ಹೆದರಬೇಡಿ. ಎಷ್ಟೋ ಸಲ ಕ್ಯಾರೇಜನ್ನು ಎಳೆಯುವ ಪಟ್ಟಿ ಹರಿದಿರುತ್ತದೆ, ಅಷ್ಟೇ. ಮೀನಿನ ಗಾಳದ ಗಟ್ಟಿ ದಾರದಿಂದ ಅದನ್ನು ಕಟ್ಟಬಹುದು. ಕಟ್ಟುವಾಗ ಹಿಂಬದಿಯ ಸ್ಪ್ರಿಂಗ್ ಡಬ್ಬಿಯನ್ನು ಕೈಜಾರಿಸಬೇಡಿ, ಸುತ್ತಿದ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಬೆರಳು ಸೀಳುತ್ತದೆ. ಕೊಳೆಗೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಹಳೆಯ ಕಪ್ಪು ಬಣ್ಣದ ಮೇಲೂ ಬಂಗಾರದ ಅಕ್ಷರಗಳ ಮೇಲೂ ಸ್ಪಿರಿಟ್ ಅಥವಾ ಥಿನ್ನರ್ ತಾಗಿಸಬೇಡಿ, ಬಟ್ಟೆಯ ಜೊತೆಗೆ ಹೆಸರೂ ಎದ್ದುಬರುತ್ತದೆ. ಪಾರ್ಸೆಲ್ ಮಾಡಲೇಬೇಕಾದರೆ ಕ್ಯಾರೇಜನ್ನು ನಡುವೆ ನಿಲ್ಲಿಸಿ ಅಲುಗದಂತೆ ಕಟ್ಟಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡಿಸಿ. ಇಷ್ಟು ಭಾರದ ಕಬ್ಬಿಣ ಲಾರಿಯಿಂದ ಒಮ್ಮೆ ಕೆಳಗೆ ಬಿದ್ದರೆ ಚೌಕಟ್ಟೇ ಬಿರುಕು ಬಿಡುತ್ತದೆ. ನನ್ನದು ಬಂದದ್ದು ಒಂದೇ ಪದರದ ರಟ್ಟಿನಲ್ಲಿ, ಸುತ್ತ ಹಳೆಯ ಪತ್ರಿಕೆ. ಕ್ಯಾರೇಜಿನ ಎಡಬದಿಯಲ್ಲಿ ರೋಲರ್ ತಿರುಗಿಸುವ ಗುಬ್ಬಿ ಮುರಿದಿತ್ತು, ಮೇಲಿನ ರಾಮಾಯಣದ ನಡುವೆ ಅದನ್ನು ಹೇಳುವುದೇ ಮರೆತಿತ್ತು.

ದುಡ್ಡು ವಾಪಸ್ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. ಅದರ ಸಂಖ್ಯೆಯೂ 1915, ಆದರೆ ಈ 1915 ಅಸಲಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವನಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆತ ಯಾವ ಊರಿನಲ್ಲಿ ಕೂತಿದ್ದರೂ ಸರಿ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಹಸಿರು ಪರದೆಯವನ ಕೈಗೆ ನಿಮ್ಮ ಯಂತ್ರವೂ ಹೋಗಿದ್ದರೆ ಬಿಲ್ಲು, ಹಣ ಕಳುಹಿಸಿದ ದಾಖಲೆ, ಕೊಡುವ ಮೊದಲಿನ ಫೋಟೊಗಳು ಯಾವುದನ್ನೂ ಅಳಿಸಬೇಡಿ. ನನ್ನ ದೂರಿನ ಪ್ರತಿ ಬೇಕಾದವರು ಕೇಳಿ, ಕಳುಹಿಸುತ್ತೇನೆ.