‘ಮಿನಿಯೇಚರ್ ಫ್ರೇಮ್’: ವಿಜಯಪುರದ ಕಟ್ಟು ಹಾಕುವ ಅಂಗಡಿಯೊಂದರ ವಿಮರ್ಶೆ

ವಿಜಯಪುರದ ಗಾಂಧಿ ಚೌಕದ ಸಮೀಪ ಚಿತ್ರ ಮುದ್ರಿಸಿ ಕಟ್ಟು ಹಾಕಿಕೊಡುವ ಅಂಗಡಿಯೊಂದರ ಫಲಕದಲ್ಲಿ ‘ಮಿನಿಯೇಚರ್ ಫ್ರೇಮ್’ ಎಂದು ಬರೆದಿದೆ. ಆದಿಲಶಾಹಿ ಕಾಲದ ಭಾವಚಿತ್ರವೊಂದರ ಪ್ರತಿಯನ್ನು ಮನೆಯ ಗೋಡೆಗೆ ಹಾಕಬೇಕೆಂದಿದ್ದ ನಾನು ಆ ಫಲಕವನ್ನು ನೋಡಿಯೇ ಒಳಗೆ ಹೋದೆ. ಸಂಗ್ರಹಾಲಯವೊಂದು ಸಾರ್ವಜನಿಕ ಬಳಕೆಗೆ ಬಿಟ್ಟಿದ್ದ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋದಾಗ ನನಗೆ ಸಿಕ್ಕಿದ್ದು ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕ ಪ್ರತಿ. ಅದರ ಹೊಳಪಿನ ಕಾಗದದ ಮೇಲೆ ಶಾಲಿನ ಕೆಂಪು ಮಾಸಿ ಕಂದುಬಣ್ಣಕ್ಕೆ ತಿರುಗಿತ್ತು.

“ಮಿನಿಯೇಚರ್ ಅಂದ್ರ ಸಣ್ಣದು ಅಲ್ಲೇನ್ರೀ ಸರ?” ಎಂದು ಮಾಲೀಕರು ಕೇಳಿದರು. ಇಂದಿನ ಬಳಕೆಯ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಈ ಶಬ್ದ ಹುಟ್ಟಿದ್ದು ಗಾತ್ರದಿಂದಲ್ಲ, ಕೆಂಪು ಬಣ್ಣದಿಂದ. ಸೀಸವನ್ನು ಗಾಳಿಯಲ್ಲಿ ಬಹಳ ಹೊತ್ತು ಕಾಯಿಸಿದಾಗ ದೊರೆಯುವ, ಕಿತ್ತಳೆಯ ಛಾಯೆಯುಳ್ಳ ಕೆಂಪು ಪುಡಿಗೆ ಲ್ಯಾಟಿನ್ನಿನಲ್ಲಿ ‘ಮಿನಿಯಂ’ ಎಂಬ ಹೆಸರಿದೆ; ನಮ್ಮ ಚಿತ್ರಕಾರರು ಸಿಂಧೂರವೆಂದು ಬಳಸುತ್ತಿದ್ದುದೂ ಇದನ್ನೇ. ಯುರೋಪಿನಲ್ಲಿ ಹಸ್ತಪ್ರತಿಗಳ ಮೊದಲಕ್ಷರಗಳನ್ನೂ ಶೀರ್ಷಿಕೆಗಳನ್ನೂ ಈ ಕೆಂಪಿನಿಂದ ಬರೆಯುತ್ತಿದ್ದುದರಿಂದ ಆ ಕೆಲಸಕ್ಕೆ ‘ಮಿನಿಯಾರೆ’ ಎಂಬ ಕ್ರಿಯಾಪದ ಬಂತು. ಇಟಲಿಯವರು ಅದರಿಂದ ‘ಮಿನಿಯಾತೂರಾ’ ಎಂಬ ಪದವನ್ನು ಮಾಡಿಕೊಂಡು ಹಸ್ತಪ್ರತಿಯೊಳಗಿನ ಚಿತ್ರಗಳನ್ನೆಲ್ಲ ಹಾಗೆ ಕರೆದರು; 16ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಇಂಗ್ಲಿಷಿಗೆ ಬಂತು. ಪುಸ್ತಕದ ಹಾಳೆಯಲ್ಲಿ ಅಡಗಬೇಕಾದ ಆ ಚಿತ್ರಗಳು ಸಹಜವಾಗಿಯೇ ಚಿಕ್ಕವಾಗಿದ್ದವು. ಜೊತೆಗೆ, ‘ಕಡಿಮೆ’ ಎಂಬರ್ಥದ ‘ಮಿನಸ್’, ‘ಮಿನಿಮಮ್’ ಮೊದಲಾದ ಪದಗಳ ಧ್ವನಿಸಾಮ್ಯವೂ ಸೇರಿಕೊಂಡು, ಬಣ್ಣದ ಹೆಸರು ಅಳತೆಯ ಹೆಸರಾಗಿಬಿಟ್ಟಿತು. ಎಲಿಜಬೆತ್ ರಾಣಿಯ ಆಸ್ಥಾನದ ಚಿತ್ರಕಾರ ನಿಕೊಲಸ್ ಹಿಲಿಯರ್ಡ್ (1547–1619) ಅಂಗೈಯೊಳಗಿನ ಭಾವಚಿತ್ರಗಳಿಗೇ ಹೆಸರಾಗಿದ್ದರೂ ತನ್ನ ಕಲೆಯನ್ನು ‘ಲಿಮ್ನಿಂಗ್’ ಎಂದೇ ಕರೆದನು. ಆ ಪದದ ಮೂಲದಲ್ಲಿರುವುದು ಹಸ್ತಪ್ರತಿಯನ್ನು ಬೆಳಗಿಸುವ ಅರ್ಥ. ಕನ್ನಡದಲ್ಲಿ ನಾವು ‘ಕಿರುಚಿತ್ರ’ ಎಂದು ಅನುವಾದಿಸಿದಾಗ ಉಳಿಯುವುದು ಗಾತ್ರ ಮಾತ್ರ. ಅದೂ ಈಗ ಬಹುಪಾಲು ಸಿನಿಮಾದವರ ಮಾತಾಗಿರುವುದರಿಂದ ‘ಚಿಕಣಿ ಚಿತ್ರ’ ಎನ್ನುವುದೇ ಮೇಲೆಂದು ನನಗೆ ತೋರುತ್ತದೆ.

ಇಷ್ಟನ್ನು ಅಂಗಡಿಯಲ್ಲಿ ನಿಂತು ವಿವರಿಸಲು ಕಾರಣವಿದೆ. ಬಿಜಾಪುರ ಈ ಕಲೆಯ ದೊಡ್ಡ ಕೇಂದ್ರಗಳಲ್ಲಿ ಒಂದು. ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ 1580–1627) ಕಾಲದಲ್ಲಿ ಅದು ತನ್ನ ಶಿಖರವನ್ನು ಮುಟ್ಟಿತು. ಮೈನಾ ಹಕ್ಕಿಯೊಡನೆ ನಿಂತ ಯೋಗಿನಿಯ ಪ್ರಸಿದ್ಧ ಚಿತ್ರ ಇಲ್ಲಿಯದಾದರೂ ಇಂದು ಅದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಮೂಲವನ್ನು ನೋಡಲು ಸಮುದ್ರ ದಾಟಬೇಕಾದ ನಮ್ಮ ಊರಿನವರಿಗೆ ಒಳ್ಳೆಯ ಪ್ರತಿಯೊಂದೇ ಆಸರೆ. ಅಳಿಲಿನ ಬಾಲದ ಕೂದಲಿನ ಕುಂಚದಿಂದ ಎಳೆದ ಹುಬ್ಬಿನ ಗೆರೆಗಳನ್ನು ಇನ್ನೂ ಕುಗ್ಗಿಸಿ ಮುದ್ರಿಸಿದರೆ ಅವು ಮಸಿಯ ಕಲೆಯಾಗುತ್ತವೆ, ಕೆಂಪು ಕೆಟ್ಟರೆ ಇಡೀ ಚಿತ್ರದ ಜೀವವೇ ಹೋಗುತ್ತದೆ.

ಮಾಲೀಕರು ಬೇಸರಪಟ್ಟುಕೊಳ್ಳದೆ ಎಲ್ಲವನ್ನೂ ಕೇಳಿಸಿಕೊಂಡದ್ದು ಈ ಅಂಗಡಿಯ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ. ಎರಡನೆಯ ಪ್ರತಿಯನ್ನು ಮೂಲದ ಅಳತೆಯಲ್ಲಿಯೇ ಮ್ಯಾಟ್ ಕಾಗದದ ಮೇಲೆ ತೆಗೆದು, ಮೊದಲು ಒಂದು ತುಣುಕನ್ನು ಮುದ್ರಿಸಿ, ಹೊರಗಿನ ಬೆಳಕಿನಲ್ಲಿ ಹಿಡಿದು ತೋರಿಸಿದರು. ನಾನು ಹನುಮಪ್ಪನ ಗುಡಿಯ ಸಿಂಧೂರವನ್ನು ನೆನಪಿಸಿದಾಗ ಅವರಿಗೆ ಬೇಕಾದ ಛಾಯೆ ತಟ್ಟನೆ ತಿಳಿಯಿತು. ಮೂರನೆಯ ತುಣುಕಿನಲ್ಲಿ ಕೆಂಪು ಸರಿಯಾಗಿ ಕೂತಿತು. ಕಟ್ಟಿನ ಕೆಲಸವಂತೂ ನಿಜಕ್ಕೂ ಉತ್ತಮವಾಗಿದೆ: ಮೂಲೆಗಳಲ್ಲಿ ಸಂದಿಲ್ಲ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇಟ್ಟಿದ್ದಾರೆ, ಧೂಳು ಹೋಗದಂತೆ ಹಿಂಬದಿಗೆ ಟೇಪು ಹಚ್ಚಿದ್ದಾರೆ. ಕೆಟ್ಟುಹೋದ ಮೊದಲ ಪ್ರತಿಯ ಹಣವನ್ನು ಅವರು ತೆಗೆದುಕೊಳ್ಳಲಿಲ್ಲ.

ಇಂಥ ಚಿತ್ರ ಮಾಡಿಸಲು ಹೋಗುವವರು ‘ಮಿನಿಯೇಚರ್’ ಎಂದಷ್ಟೇ ಹೇಳದೆ ಅಳತೆಯನ್ನು ಇಂಚಿನಲ್ಲಿ ಬರೆದುಕೊಡಬೇಕು, ಮ್ಯಾಟ್ ಕಾಗದವನ್ನೇ ಕೇಳಬೇಕು, ಬಣ್ಣದ ತುಣುಕನ್ನು ಹಗಲಿನಲ್ಲಿಯೇ ಹೋಗಿ ನೋಡಬೇಕು. ಸಂಜೆಯ ನಂತರ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ.