ಫಿಯೆಟ್ ಪುಂಟೊ ಡೀಸೆಲ್, 15 ವರ್ಷದ ನಂತರ. ಜೊತೆಗೆ ಮನೆಯಲ್ಲಿರುವ ಇನ್ನೊಂದು ಕಾರಿನ ಮಾತು

ಇದು 2010ರ ಗ್ರಾಂಡೆ ಪುಂಟೊ. 1.3 ಮಲ್ಟಿಜೆಟ್ ಡೀಸೆಲ್, ಐದು ಗೇರು. ಈಗ ಹೊಸದು ಸಿಗುವುದಿಲ್ಲ, ಹಾಗಾಗಿ ಇದನ್ನು ಓದಿ ಶೋರೂಮಿಗೆ ಓಡುವ ಭಯ ಯಾರಿಗೂ ಬೇಡ. ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಕೊನೆಯಲ್ಲಿ ಒಂದಿಷ್ಟು ಮಾತಿದೆ. ಆದರೆ ಬರೆಯಲು ಕೂತ ಕಾರಣ ಬೇರೆ: ಕೆಲವು ಕಾರಿಗೆ ಮಾತ್ರ ಒಂದು ಸ್ವಭಾವ ಇದೆ ಅನಿಸುವುದು ಯಾಕೆ ಅಂತ. ನಮ್ಮ ಮನೆಯಲ್ಲಿ ಎರಡು ಕಾರು. ಇನ್ನೊಂದು ಈಚೆಗೆ ತೆಗೆದುಕೊಂಡ ಪೆಟ್ರೋಲ್ ಆಟೋಮ್ಯಾಟಿಕ್. ಅದರ ಹೆಸರು ಹೇಳುವುದಿಲ್ಲ. ಹೇಳಿದರೂ ವ್ಯತ್ಯಾಸ ಏನೂ ಆಗುವುದಿಲ್ಲ, ಬೇರೆ ಯಾವ ಕಂಪನಿಯ ಹೆಸರು ಹಾಕಿಕೊಂಡರೂ ಮುಂದೆ ಬರೆದಿರುವುದು ಹಾಗೇ ಹೊಂದುತ್ತದೆ.

ಮನೆ ಬನಶಂಕರಿ ಎರಡನೇ ಹಂತ, ಆಫೀಸು ಬೆಳ್ಳಂದೂರಿನ ಕಡೆ. ಅಂದರೆ ಸಿಲ್ಕ್ ಬೋರ್ಡ್, ಔಟರ್ ರಿಂಗ್ ರೋಡ್, ಉಳಿದದ್ದು ನಿಮಗೇ ಗೊತ್ತು. ಈ ದಾರಿಗೆ ಆಟೋಮ್ಯಾಟಿಕ್ ಹೇಳಿ ಮಾಡಿಸಿದ ಹಾಗಿದೆ. ಕ್ಲಚ್ ತುಳಿಯುವ ಕೆಲಸವಿಲ್ಲ, ಎಸಿ ತಣ್ಣಗೆ ಬರುತ್ತದೆ, ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗುತ್ತದೆ, ಹಿಂದೆ ಏನಿದೆ ಅಂತ ಕ್ಯಾಮೆರಾ ತೋರಿಸುತ್ತದೆ. ಮನೆಗೆ ಬಂದು ಇಳಿದ ಮೇಲೆ ಕಾರು ಓಡಿಸಿದ ನೆನಪೇ ಇರುವುದಿಲ್ಲ. ಫ್ರಿಜ್ ಬಾಗಿಲು ತೆಗೆದು ಹಾಲಿನ ಪ್ಯಾಕೆಟ್ ತೆಗೆದುಕೊಂಡ ಹಾಗೆ. ಫ್ರಿಜ್ ಬಗ್ಗೆ ಯಾರಿಗೂ ದೂರಿಲ್ಲ, ಊಟಕ್ಕೆ ಕೂತಾಗ ಅದರ ಬಗ್ಗೆ ಯಾರೂ ಮಾತಾಡುವುದೂ ಇಲ್ಲ, ಅಲ್ವಾ?

ಪುಂಟೊ ಬಗ್ಗೆ ಮಾತ್ರ ಮನೆಗೆ ಬಂದವರೆಲ್ಲ ಮಾತಾಡುತ್ತಾರೆ. ನಮ್ಮ ಭಾಮೈದ ಬಂದಾಗಲೆಲ್ಲ "ಭಾವ, ಇನ್ನೂ ಇದನ್ನ ಮಾರಿಲ್ವಾ?" ಅಂತ ಶುರು ಮಾಡುತ್ತಾನೆ. ಹೊರಡುವಾಗ "ಒಂದು ರೌಂಡ್ ಹೋಗಿ ಬರ್ತೀನಿ, ಕೀ ಕೊಡಿ" ಅನ್ನುತ್ತಾನೆ. ಆಟೋಮ್ಯಾಟಿಕ್‌ನ ಕೀ ಅವನು ಇದುವರೆಗೆ ಕೇಳಿಲ್ಲ.

ಇದು ಯಾಕೆ ಹೀಗೆ? ಜಾಸ್ತಿ ಜನ ಇಂಜಿನ್ ಕಡೆ ಕೈ ತೋರಿಸುತ್ತಾರೆ. ಆ ಉತ್ತರ ಎಷ್ಟು ಸರಿ ಅಂತ ನೋಡಲು ನಮ್ಮ ದೇಶದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಫಿಯೆಟ್‌ನ ಈ 1248 ಸಿಸಿ ಡೀಸೆಲ್ ಇಂಜಿನ್ ಒಂದು ಕಾಲದಲ್ಲಿ ಇಲ್ಲಿ ಎಲ್ಲಿ ನೋಡಿದರೂ ಇತ್ತು. ಮಾರುತಿ ಸ್ವಿಫ್ಟ್‌ನಲ್ಲಿ ಅದರ ಹೆಸರು ಡಿಡಿಐಎಸ್, ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್, ಫಿಯೆಟ್‌ನಲ್ಲಿ ಮಲ್ಟಿಜೆಟ್. ದೇಶದ ರಾಷ್ಟ್ರೀಯ ಡೀಸೆಲ್ ಇಂಜಿನ್ ಅಂತ ತಮಾಷೆ ಮಾಡುತ್ತಿದ್ದರು. ಮೂರರಲ್ಲೂ ಶಕ್ತಿ ಹೆಚ್ಚು ಕಡಿಮೆ 75 ಪಿಎಸ್ (ಅಂದರೆ ಕುದುರೆ ಶಕ್ತಿ), ಮೂರರಲ್ಲೂ ಟರ್ಬೋ (ಇಂಜಿನ್ ಒಳಗೆ ಹೆಚ್ಚು ಗಾಳಿ ತುಂಬುವ ಸಾಧನ) ಎಚ್ಚರವಾಗುವುದು 2000 ಆರ್‌ಪಿಎಂ ಹತ್ತಿರ. ಭಾಮೈದನ ಹತ್ತಿರ ಸ್ವಿಫ್ಟ್ ಇತ್ತು, ಚಿಕ್ಕಪ್ಪನ ಹತ್ತಿರ ವಿಸ್ಟಾ. ಮೂರನ್ನೂ ಚೆನ್ನಾಗಿಯೇ ಓಡಿಸಿದ್ದೇನೆ.

ಸ್ವಿಫ್ಟ್ ಚುರುಕು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2390 ಮಿ.ಮೀ., ಮೈ ಹಗುರ, ಸಸ್ಪೆನ್ಶನ್ ಸ್ವಲ್ಪ ಗಟ್ಟಿ. ಸಣ್ಣ ಸಂದಿ ಕಂಡರೆ ನುಗ್ಗೋಣ ಅಂತ ಅದೇ ಎಳೆಯುತ್ತದೆ. ವಿಸ್ಟಾ ಆರಾಮದ ಗಾಡಿ. ಹಿಂದೆ ಮೂರು ಜನ ಕಾಲು ಚಾಚಿ ಕೂತು ಊರಿಗೆ ಹೋಗಬಹುದು, ಅವಸರ ಅದಕ್ಕೆ ಒಗ್ಗುವುದಿಲ್ಲ. ಪುಂಟೊದ ವೀಲ್‌ಬೇಸ್ 2510, ಮೈ ಭಾರ, ಬಾಗಿಲು ಹಾಕಿದರೆ ದಪ್ಪನೆಯ ಸದ್ದು. ಹೊರಡುವುದು ನಿಧಾನ, ಹೊರಟ ಮೇಲೆ ರಸ್ತೆಯನ್ನು ಕಚ್ಚಿಕೊಂಡು ಹೋಗುತ್ತದೆ. ಕಣ್ಣು ಕಟ್ಟಿ ಕೂರಿಸಿದರೂ ಯಾವುದು ಯಾವ ಕಾರು ಅಂತ ಐದು ನಿಮಿಷದಲ್ಲಿ ಹೇಳಬಹುದು. ಇಂಜಿನ್ ಮಾತ್ರ ಒಂದೇ.

ಇದರಿಂದ ನನಗೆ ಅನಿಸಿದ್ದು ಇಷ್ಟು. ಕಾರು ತನ್ನ ಕೆಳಗೆ ಏನು ನಡೆಯುತ್ತಿದೆ ಅಂತ ಓಡಿಸುವವನಿಗೆ ಎಷ್ಟು ತಿಳಿಸುತ್ತದೆ, ಮತ್ತು ಅವನು ಮಾಡಿದ್ದಕ್ಕೆ ಎಷ್ಟು ಉತ್ತರ ಕೊಡುತ್ತದೆ, ಅದರಲ್ಲೇ ಎಲ್ಲ ಇದೆ. ಚೆನ್ನಾಗಿ ಓಡಿಸಿದರೂ ಕೆಟ್ಟದಾಗಿ ಓಡಿಸಿದರೂ ಒಂದೇ ಥರ ಇರುವ ಕಾರು ಮನೆಯ ಸಾಮಾನು.

ಸ್ಟೇರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಪುಂಟೊ ಓಡಿಸಿದವರು ಯಾಕೆ ಅಂತ ಕೇಳುವುದಿಲ್ಲ. ಇದರದ್ದು ಹೈಡ್ರಾಲಿಕ್. ಇಂಜಿನ್‌ಗೆ ಬೆಲ್ಟಿನಿಂದ ಕಟ್ಟಿದ ಒಂದು ಪಂಪ್, ಆಯಿಲ್ ಒತ್ತಡದಿಂದ ಚಕ್ರ ತಿರುಗಿಸಲು ಸಹಾಯ ಮಾಡುತ್ತದೆ. ಆ ಆಯಿಲ್ ದಾಟಿಕೊಂಡು ರಸ್ತೆಯ ಸುದ್ದಿಯೂ ವಾಪಸ್ ಕೈಗೆ ಬರುತ್ತದೆ. ವೈಟ್ ಟಾಪಿಂಗ್ ಮಾಡಿದ, ಅಂದರೆ ಕಾಂಕ್ರೀಟ್ ಹಾಕಿದ ರಸ್ತೆಯ ಜೋಡಣೆ ಗೆರೆಗಳು, ಮೊದಲ ಮಳೆಗೆ ಜಾರುವ ಡಾಂಬರು, ಜಲ್ಲಿ ಹರಡಿದ ಅಂಚು, ಎಲ್ಲ ಗೊತ್ತಾಗುತ್ತದೆ. ಮುಂದಿನ ಎಡ ಟೈರಿನಲ್ಲಿ ಗಾಳಿ ಕಮ್ಮಿ ಆಗಿದ್ದರೆ ನಮ್ಮ ಬೀದಿಯ ತಿರುವು ದಾಟುವಷ್ಟರಲ್ಲಿ ಕೈ ಹೇಳುತ್ತದೆ. ಆಟೋಮ್ಯಾಟಿಕ್‌ನಲ್ಲಿ ಅದನ್ನು ಹೇಳಲು ಒಂದು ಹಳದಿ ದೀಪ ಇದೆ.

ಹಾಗಂತ ಎಲ್ಲ ಕಂಪನಿಗಳೂ ಸುಮ್ನೆ ಎಲೆಕ್ಟ್ರಿಕ್ ಸ್ಟೇರಿಂಗಿಗೆ ಹೋಗಿಲ್ಲ. ಹೈಡ್ರಾಲಿಕ್ ಪಂಪ್ ನೇರ ರಸ್ತೆಯಲ್ಲೂ ತಿರುಗುತ್ತಲೇ ಇರುತ್ತದೆ, ಅಷ್ಟು ಡೀಸೆಲ್ ದಂಡ. ಎಲೆಕ್ಟ್ರಿಕ್‌ನಲ್ಲಿ ಮೋಟರು ಬೇಕಾದಾಗ ಮಾತ್ರ ಕೆಲಸ ಮಾಡುತ್ತದೆ. ಲೇನ್ ಬಿಟ್ಟರೆ ತಾನೇ ಸರಿಪಡಿಸುವ ಈಗಿನ ಸೌಕರ್ಯಗಳಿಗೂ ಆ ಮೋಟರೇ ಬೇಕು. ಅಲ್ಲದೆ ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿ ಪಕ್ಕ ಪುಂಟೊ ನಿಲ್ಲಿಸಿ ನೋಡಿ, ಎಲೆಕ್ಟ್ರಿಕ್ ಸ್ಟೇರಿಂಗ್ ಕಂಡುಹಿಡಿದವರಿಗೆ ಕೈ ಮುಗಿಯುತ್ತೀರಿ. ಇನ್ನೊಂದು ವಿಷಯ, ಆ ಸ್ವಿಫ್ಟ್‌ನ ಸ್ಟೇರಿಂಗ್ ಕೂಡ ಎಲೆಕ್ಟ್ರಿಕ್ಕೇ. ಆದರೂ ಅದು ಸಪ್ಪೆ ಅಲ್ಲ. ಯಂತ್ರ ಯಾವುದು ಅನ್ನುವುದಕ್ಕಿಂತ ಅದನ್ನು ಸೆಟ್ ಮಾಡಿದವರು ಎಷ್ಟು ಸುದ್ದಿ ಒಳಗೆ ಬಿಡಬೇಕು ಅಂತ ತೀರ್ಮಾನಿಸಿದರು ಅನ್ನುವುದು ಮುಖ್ಯ. ಇತ್ತೀಚೆಗೆ ಏನೂ ಬಿಡುವುದು ಬೇಡ ಅನ್ನುವವರೇ ಜಾಸ್ತಿ.

ಕಿವಿಗೂ ಇದೇ ಕಥೆ. ನಮ್ಮ ಆಟೋಮ್ಯಾಟಿಕ್‌ನಲ್ಲಿ ಇರುವುದು ಸಿವಿಟಿ. ಎರಡು ಪುಲ್ಲಿ, ನಡುವೆ ಒಂದು ಸ್ಟೀಲ್ ಬೆಲ್ಟ್, ಗೇರು ಅಂತ ಬೇರೆ ಬೇರೆ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಮೊದಲು ಇಂಜಿನ್ ಕೂಗುತ್ತದೆ, ಆಮೇಲೆ ಸ್ಪೀಡು ಬರುತ್ತದೆ. ಸದ್ದಿಗೂ ವೇಗಕ್ಕೂ ಸಂಬಂಧ ತಪ್ಪಿದಾಗ ಕಿವಿ ಕೇಳುವುದನ್ನೇ ಬಿಟ್ಟುಬಿಡುತ್ತದೆ. ತಮಾಷೆ ನೋಡಿ, ಗೇರು ಇಲ್ಲದಿರುವುದೇ ಇದರ ಹೆಚ್ಚುಗಾರಿಕೆ, ಈಗ ಅದರಲ್ಲೇ ಸಾಫ್ಟ್‌ವೇರಿನಿಂದ ಸುಳ್ಳು ಗೇರುಗಳನ್ನು ಮಾಡಿ ಕೊಡುತ್ತಿದ್ದಾರೆ. ಜನರಿಗೆ ಏನೋ ಕಮ್ಮಿ ಅನಿಸಿದೆ ಅಂತ ಅವರಿಗೂ ಗೊತ್ತಾಗಿದೆ.

ಪುಂಟೊದಲ್ಲಿ ಟರ್ಬೋ ಲ್ಯಾಗ್ ಇದೆ. 2000ದ ಕೆಳಗೆ ಇಂಜಿನ್ ಅರೆನಿದ್ದೆಯಲ್ಲಿರುತ್ತದೆ. ಚಾರ್ಮಾಡಿ ಹತ್ತುವಾಗ ತಿರುವಿಗೆ ಮೊದಲೇ ಎರಡನೇ ಗೇರಿಗೆ ಹಾಕದಿದ್ದರೆ ಮುಖ ಊದಿಸಿಕೊಂಡು ನಿಲ್ಲುತ್ತದೆ. ಸರಿಯಾದ ಹೊತ್ತಿಗೆ ಹಾಕಿದರೆ ತಿರುವಿನಿಂದ ಹೊರಗೆ ಬರುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಎಳೆಯುತ್ತದೆ. ಪುಸ್ತಕದ ಪ್ರಕಾರ ಇದು ಕೊರತೆ. ನನಗೆ ಮಾತ್ರ ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿನ್ನುವಾಗ ಏನೋ ಕೆಲಸ ಮಾಡಿ ಬಂದ ಖುಷಿ ಇರುತ್ತದೆ. ಅದೇ ಘಾಟಿಯನ್ನು ಆಟೋಮ್ಯಾಟಿಕ್‌ನಲ್ಲಿ ಇನ್ನೂ ಬೇಗ ಹತ್ತಿದ್ದೇನೆ. ಮಂಜು ಇತ್ತು ಅನ್ನುವುದು ಬಿಟ್ಟರೆ ಬೇರೇನೂ ನೆನಪಿಲ್ಲ.

ಇಲ್ಲಿ ಒಂದು ಗೊಂದಲ ತುಂಬ ಜನ ಮಾಡಿಕೊಳ್ಳುತ್ತಾರೆ. ಕೆಟ್ಟು ನಿಲ್ಲುವ ಹಳೇ ಗಾಡಿಗೆಲ್ಲ ಸ್ವಭಾವ ಇದೆ, ಕೆಡದ ಗಾಡಿ ನೀರಸ ಅನ್ನುವುದು. ಅಂಬಾಸಿಡರ್ ಅನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಕಾರು, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಜನ ಅದನ್ನು ನೆನೆಯುವುದು ಬಾನೆಟ್ ಎತ್ತಿ ನಿಂತದ್ದಕ್ಕಲ್ಲ. ಸೋಫಾದಂಥ ಸೀಟು, ಸ್ಟೇರಿಂಗ್ ಪಕ್ಕದ ಗೇರು, ಗುಂಡಿಯ ಮೇಲೆ ತೇಲಿಕೊಂಡು ಹೋಗುತ್ತಿದ್ದ ರೀತಿ, ಇವುಗಳಿಗೆ. ರಿಪೇರಿಯಲ್ಲಿ ಕಳೆದ ಭಾನುವಾರಗಳು ಸ್ವಭಾವದ ಲೆಕ್ಕಕ್ಕೆ ಬರುವುದಿಲ್ಲ, ಅವು ಬರೀ ದಂಡ.

ಸ್ವಭಾವ ಅಂದರೆ ಶಕ್ತಿಯೂ ಅಲ್ಲ. ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ 300 ಕುದುರೆ ಶಕ್ತಿ ಇರುವ ಗಾಡಿಗಳಿವೆ. ಇಬ್ಬಲೂರು ಜಂಕ್ಷನ್‌ನಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತವೆ. 140 ಮುಟ್ಟಿದಾಗ ಮಾತ್ರ ಜೀವ ಬರುವ ಕಾರನ್ನು ಬೆಂಗಳೂರಿನಲ್ಲಿ ಇಟ್ಟುಕೊಂಡು ಏನು ಮಾಡುವುದು? ಈ ಊರಿನಲ್ಲಿ ಕಾರಿನ ಗುಣ 30-40ರ ವೇಗದಲ್ಲೇ ಗೊತ್ತಾಗಬೇಕು. ಸೌತ್ ಎಂಡ್ ಸರ್ಕಲ್ ಸುತ್ತುವಾಗ, ಹಂಪ್ ದಾಟಿ ಮತ್ತೆ ವೇಗ ಹಿಡಿಯುವಾಗ, ಮಳೆ ನೀರು ನಿಂತ ಗುಂಡಿ ತಪ್ಪಿಸುವಾಗ. ಸಣ್ಣ, ಹಗುರದ ಗಾಡಿಗಳಿಗೆ ಇದು ಸುಲಭ. ದೊಡ್ಡ ಎಸ್‌ಯುವಿಗಳಿಗೆ ಕಷ್ಟ, ಎತ್ತರದಲ್ಲಿ ಕೂರುವ ಸುಖವನ್ನೇ ಅವು ಮಾರುವುದು.

ಸ್ವಭಾವಕ್ಕೆ ಡೀಸೆಲ್ ವಾಸನೆಯೂ ಬೇಕಿಲ್ಲ. ನಮ್ಮೂರಲ್ಲೇ ಹುಟ್ಟಿದ ರೇವಾ ನೆನಪಿದೆಯಾ? 2001ರಲ್ಲಿ ಚೇತನ್ ಮೈನಿ ಅವರ ಕಂಪನಿ ತಂದ ಎರಡು ಬಾಗಿಲಿನ ಪುಟ್ಟ ಎಲೆಕ್ಟ್ರಿಕ್ ಕಾರು. ಲಂಡನ್‌ನಲ್ಲಿ ಜಿ-ವಿಜ್ ಅಂತ ಮಾರಿದರು. ಆಮೇಲೆ 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳು, ಅಷ್ಟೇ ಜಾಗ. ಎಲ್ಲರಿಗೂ ಬೇಕಾದ ಕಾರು ಅಂತ ಅದು ಯಾವತ್ತೂ ನಟಿಸಲಿಲ್ಲ. ಜಯನಗರದ ಗಲ್ಲಿಯಲ್ಲಿ ಇವತ್ತು ಒಂದು ರೇವಾ ನಿಂತಿದ್ದರೂ ಹುಡುಗರು ಸುತ್ತ ಸೇರುತ್ತಾರೆ. ಈಗಿನ ಎಂಜಿ ಕಾಮೆಟ್ ಕೂಡ ಹಾಗೇ. ಮೂರು ಮೀಟರ್ ಉದ್ದವೂ ಇಲ್ಲ, 42 ಪಿಎಸ್ ಮೋಟರು. ಒಮ್ಮೆ ಓಡಿಸಿದಾಗ ನಗು ಬಂತು. 42 ಪಿಎಸ್‌ನಲ್ಲಿ ನಗಿಸುವುದು ಸುಮ್ನೆ ಮಾತಲ್ಲ.

ಮನೆ ಸಾಮಾನಿನಂಥ ಕಾರನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ 2005ರಿಂದ ಈ ಊರನ್ನು ಹೊತ್ತುಕೊಂಡು ತಿರುಗುತ್ತಿದೆ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬೆಳಗಿನ ಜಾವ ಮೂರು ಗಂಟೆಗೆ ಹೊರಟರೆ ನನಗೂ ಅದೇ ಬೇಕು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಮ್ಮ ಆಟೋಮ್ಯಾಟಿಕ್ಕೇ. ನಮ್ಮ ಮನೆಯವಳಿಗಂತೂ ಪುಂಟೊದ ಕ್ಲಚ್ ಕಂಡರೆ ಆಗುವುದಿಲ್ಲ, "ಜಿಮ್ ಫೀಸ್ ಉಳಿಯಿತು" ಅನ್ನುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ. ನನ್ನ ತಕರಾರು ಇರುವುದು ಒಂದೇ ಕಡೆ. ಹದಿನೈದು ಲಕ್ಷ ಕೊಟ್ಟು, ಹೊರಗಿನಿಂದ ಹುಲಿಯಂಥ ಮುಖ, ಸೀಟಿಗೆ ಕೆಂಪು ಹೊಲಿಗೆ, 'ಸ್ಪೋರ್ಟ್' ಅಂತ ಒಂದು ಬಟನ್. ಆ ಬಟನ್ ಒತ್ತಿದರೆ ಸ್ಟೇರಿಂಗ್ ಭಾರವಾಗುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ. ಇನ್ನು ಸನ್‌ರೂಫ್. ಧೂಳು, ಬಿಸಿಲು, ಮಳೆ ಮೂರೂ ಇರುವ ಊರಿನಲ್ಲಿ ಅದನ್ನು ಎಷ್ಟು ಸಲ ತೆರೆಯುತ್ತೀರಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಹೊಸ ಕಾರು ನೋಡುವವರು ಟೆಸ್ಟ್ ಡ್ರೈವ್‌ನಲ್ಲಿ ಹಾಡು ಆಫ್ ಮಾಡಿಸಿ. ಶೋರೂಮಿನವರು ನೇರ ರಸ್ತೆಗೆ ಕರೆದುಕೊಂಡು ಹೋಗುತ್ತಾರೆ. ಬೇಡ ಅನ್ನಿ. ಕೆಟ್ಟ ಒಳರಸ್ತೆ, ಒಂದು ಸರ್ಕಲ್, ಒಂದು ಏರು ಇರುವ ದಾರಿ ಸಾಕು. 40 ದಾಟಬೇಕಾದ ಅಗತ್ಯವೇ ಇಲ್ಲ.

ಇನ್ನು ಪುಂಟೊದ ಖರ್ಚು. ಓಡೋಮೀಟರ್ ಒಂದು ಲಕ್ಷ ದಾಟಿ ಎಷ್ಟೋ ಕಾಲವಾಯಿತು. ಮೈಲೇಜ್ ಸಿಟಿಯಲ್ಲಿ 13-14, ಹೈವೇಯಲ್ಲಿ 18ರ ಮೇಲೆ. ವಿಲ್ಸನ್ ಗಾರ್ಡನ್‌ನ ನಮ್ಮ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: "ಸಾರ್, ಇಂಜಿನ್ ಸಾಮಾನು ಎಷ್ಟು ಬೇಕಾದ್ರೂ ಸಿಗುತ್ತೆ, ಸ್ವಿಫ್ಟ್‌ದೇ ಅಲ್ವಾ. ಬಂಪರ್ ಮಾತ್ರ ಒಡ್ಕೋಬೇಡಿ." ನಿಜ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮ ಬಂದ ಮೇಲೆ ಈ ಇಂಜಿನ್ ಹೊಸ ಕಾರುಗಳಿಂದ ಹೋಯಿತು. ಆದರೆ ಅದನ್ನು ಹೊತ್ತ ಸ್ವಿಫ್ಟ್, ಡಿಜೈರ್‌ಗಳು ರಸ್ತೆಯಲ್ಲಿ ಇನ್ನೂ ಬೇಕಾದಷ್ಟಿವೆ, ಜೆಸಿ ರಸ್ತೆಯಲ್ಲಿ ಕೇಳಿದರೆ ಸಾಮಾನು ಸಿಗುತ್ತದೆ. ಬಾಡಿ ಪಾರ್ಟ್ ಬೇಕಾದರೆ ಹುಡುಕಾಟ, ಫೋನು, ಕಾಯುವುದು. 15 ವರ್ಷ ತುಂಬಿದಾಗ ಆರ್‌ಟಿಒಗೆ ಹೋಗಿ, ಗಾಡಿ ತೋರಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಆರ್‌ಸಿ ರಿನ್ಯೂ ಮಾಡಿಸಿದೆ. ಇನ್ನೈದು ವರ್ಷ ಚಿಂತೆ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಕಟಕಟ ಸದ್ದು ನಿಲ್ಲದಿದ್ದರೆ ಬೆಲೆ ಇಳಿಸಿ, ಇಲ್ಲವೇ ಎದ್ದು ಬನ್ನಿ. ಮೂರನೇ ಗೇರಿನಲ್ಲಿ 2000 ದಾಟಿದಾಗ ಎಳೆತ ಗೊತ್ತಾಗಬೇಕು, ಗೊತ್ತಾಗದಿದ್ದರೆ ಟರ್ಬೋ ತೋರಿಸಬೇಕು. ಕ್ಲಚ್ ತೀರಾ ಮೇಲೆ ಬಂದು ಹಿಡಿಯುತ್ತಿದ್ದರೆ ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಕೆಳಗೆ ಆಯಿಲ್ ಹನಿ ಇದೆಯಾ ನೋಡಿ. ಹೆಡ್‌ಲೈಟ್, ಬಂಪರ್ ಮುರಿದಿರುವ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.