ನೇಪಾಳ ಯಾತ್ರೆಗೆ ಹೊರಟಿದ್ದೀರಾ? ಬಸ್ಸು ಹತ್ತುವ ಮೊದಲು ಫೋನಿನ ರೋಮಿಂಗ್ ನೋಡಿಕೊಳ್ಳಿ

ಅಮ್ಮನನ್ನು ಮುಕ್ತಿನಾಥಕ್ಕೆ ಕರೆದುಕೊಂಡು ಹೋಗಿ ಬಂದು ಮೂರು ವಾರ ಆಯಿತು. ಮೊನ್ನೆ ಫೋನಿನ ಪೂರ್ತಿ ಬಿಲ್ಲು ಬಂತು. ತಿಂಗಳ ಮಾಮೂಲಿ ಪ್ಲಾನಿನ ದುಡ್ಡು ಬಿಟ್ಟು, ಬರೀ ನೇಪಾಳದ ಲೆಕ್ಕಕ್ಕೆ 19,824 ರೂಪಾಯಿ. ಅಷ್ಟೂ ಆದದ್ದು ಒಂದೇ ಹಗಲಿನಲ್ಲಿ, ನಾನು ಬಸ್ಸಿನ ಕಿಟಕಿ ಪಕ್ಕ ಕೂತು ಬೆಟ್ಟ ನೋಡುತ್ತಿದ್ದಾಗ.

ನಮ್ಮ ಕಡೆಯಿಂದ ಕಾಶಿ, ಗೋರಖ್‌ಪುರ, ಲುಂಬಿನಿ, ಪೋಖರಾ, ಮುಕ್ತಿನಾಥ, ಪಶುಪತಿನಾಥ ಅಂತ ಗುಂಪು ಕಟ್ಟಿಕೊಂಡು ಹೋಗುವವರು ತುಂಬಾ ಜನ. ಅದರಲ್ಲೂ ವಯಸ್ಸಾದವರೇ ಜಾಸ್ತಿ. ಅವರಿಗಾಗಿ, ಅವರನ್ನು ಬಸ್ಸು ಹತ್ತಿಸಿ ಕಳಿಸುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಬಿಡಬೇಡಿ, ದಯವಿಟ್ಟು ಓದಿ.

ದುಬೈಗೋ ಸಿಂಗಪುರಕ್ಕೋ ಹೋಗುವಾಗ ಎಲ್ಲರೂ ಎಚ್ಚರದಿಂದ ಇರುತ್ತೇವೆ. ಪಾಸ್‌ಪೋರ್ಟು, ವೀಸಾ, ವಿಮಾನ ನಿಲ್ದಾಣದ ಸಾಲು ಅಂತ ಓಡಾಡುವಾಗ "ಫೋನಿಗೆ ಪ್ಯಾಕ್ ಹಾಕಿಸಿದೆಯಾ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನೇಪಾಳ ಹಾಗಲ್ಲ. ನಮಗೆ ವೀಸಾ ಬೇಡ. ರಸ್ತೆಯಲ್ಲಿ ಹೋದರೆ ವೋಟರ್ ಐಡಿ ಸಾಕು. ಗಡಿಯ ಊರು ಸುನೌಲಿಯಲ್ಲಿ ದೊಡ್ಡ ಕಮಾನು ಇದೆ, ಈ ಕಡೆ ಟೀ ಕುಡಿದು ಆ ಕಡೆಗೆ ನಡೆದುಕೊಂಡೇ ಹೋಗಬಹುದು. ಹಿಂದಿ ನಡೆಯುತ್ತದೆ. ನಮ್ಮ 100 ರೂಪಾಯಿ ನೋಟು ಕೊಟ್ಟರೆ ಅವರ 160 ಅಂತ ಲೆಕ್ಕ ಹಿಡಿದು ತಗೊಳ್ಳುತ್ತಾರೆ. 2024ರಿಂದ ಅಲ್ಲಿನ ಎಷ್ಟೋ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತಿದೆ. ಇಷ್ಟೆಲ್ಲ ಇದ್ದ ಮೇಲೆ ಬೇರೆ ದೇಶಕ್ಕೆ ಬಂದಿದ್ದೇವೆ ಅಂತ ಮನಸ್ಸಿಗೆ ಬರುವುದೇ ಇಲ್ಲ. ಆದರೆ ಫೋನ್ ಕಂಪನಿಯ ಲೆಕ್ಕದಲ್ಲಿ ನೇಪಾಳ ವಿದೇಶವೇ. ಸಿಂಗಪುರ ಹೇಗೋ ಹಾಗೇ.

ಗಡಿಯ ಹತ್ತಿರ ಇನ್ನೊಂದು ತೊಂದರೆ. ಕಮಾನು ದಾಟಿದ ಮೇಲೂ ಸ್ವಲ್ಪ ದೂರ ನಮ್ಮ ದೇಶದ ಟವರಿನ ಸಿಗ್ನಲ್ ಸಿಗುತ್ತದೆ. ನಾನು ಆ ಕಡೆ ನಿಂತುಕೊಂಡೇ ಅಕ್ಕನಿಗೆ ಫೋಟೊ ಕಳಿಸಿದೆ, ಹೋಯಿತು. ಓ, ನಮ್ಮ ನೆಟ್‌ವರ್ಕು ಇಲ್ಲೂ ಬರುತ್ತೆ ಅಂದುಕೊಂಡೆ. ಆಮೇಲೆ ಅದು ಯಾವಾಗ ಬಿಟ್ಟುಹೋಯಿತೋ, ಫೋನು ಯಾವಾಗ ನೇಪಾಳದ ಟವರ್ ಹಿಡಿಯಿತೋ ಗೊತ್ತೇ ಆಗಲಿಲ್ಲ. ಎರಡು ಮೆಸೇಜು ಬಂದಿದ್ದವು. ನೇಪಾಳಕ್ಕೆ ಸ್ವಾಗತ, ದರ ಇಷ್ಟಿಷ್ಟು ಅಂತ ಇಂಗ್ಲಿಷಿನಲ್ಲಿ. ದಿನಕ್ಕೆ ಹತ್ತಾರು ಜಾಹೀರಾತು ಬಂದು ಬೀಳುವ ಇನ್‌ಬಾಕ್ಸಿನಲ್ಲಿ ಅವೂ ಸೇರಿಕೊಂಡವು. ನಾನು ತೆಗೆದು ಓದಲಿಲ್ಲ.

ಗೊತ್ತಾಗುವುದಕ್ಕೆ ಒಂದು ದಾರಿ ಇತ್ತು. ಅಮ್ಮನಿಗೆ ಎಲ್ಲಿಗೆ ಹೋದರೂ ಕೈಗೆ ವಾಚು ಬೇಕು. ಲುಂಬಿನಿಯಲ್ಲಿ ಮಾಯಾದೇವಿ ಗುಡಿ ನೋಡಿಕೊಂಡು ಎಷ್ಟು ಹೊತ್ತಿಗೆ ಬಸ್ಸಿಗೆ ವಾಪಸ್ ಬರಬೇಕು ಅಂತ ಮಾತಾಡುತ್ತಿದ್ದಾಗ ಅವರು ಕೇಳಿದರು, "ಏನೋ, ನಿನ್ನ ಫೋನು ಕಾಲು ಗಂಟೆ ಮುಂದೆ ತೋರಿಸ್ತಿದೆಯಲ್ಲೋ?" ನಿಮ್ಮ ವಾಚೇ ಹಿಂದೆ ಬಿದ್ದಿರಬೇಕಮ್ಮ ಅಂದೆ. ನೇಪಾಳದ ಸಮಯ ನಮ್ಮದಕ್ಕಿಂತ 15 ನಿಮಿಷ ಮುಂದೆ ಇರುತ್ತದೆ. ಅಲ್ಲಿನ ನೆಟ್‌ವರ್ಕು ಹಿಡಿದ ಫೋನು ತನ್ನ ಗಡಿಯಾರವನ್ನೂ ಬದಲಿಸಿಕೊಂಡಿತ್ತು. ಇದೊಂದನ್ನು ನೆನಪಿಟ್ಟುಕೊಳ್ಳಿ. ಗಡಿಯ ಆಸುಪಾಸಿನಲ್ಲಿ ಫೋನಿನ ಸಮಯ ಕಾಲು ಗಂಟೆ ಮುಂದೆ ಹಾರಿದರೆ ನೀವು ನೇಪಾಳದ ಟವರಿನಲ್ಲಿದ್ದೀರಿ, ಮೀಟರು ಓಡುತ್ತಿರಬಹುದು. ಆಗಲೇ ನಾನು ಡೇಟಾ ಆಫ್ ಮಾಡಿದ್ದರೆ ಸಣ್ಣ ಮೊತ್ತದಲ್ಲಿ ಮುಗಿಯುತ್ತಿತ್ತು.

ರೋಮಿಂಗ್ ಆನ್ ಇದ್ದದ್ದಾದರೂ ಹೇಗೆ ಅಂತ ನೀವು ಕೇಳಬಹುದು. ಇದಕ್ಕೆ ಎರಡು ಬಾಗಿಲು ಇವೆ. ಒಂದು ಕಂಪನಿಯ ಕಡೆಯದು, ನಮ್ಮ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಕೊಟ್ಟಿದ್ದಾರೋ ಇಲ್ಲವೋ ಅನ್ನುವುದು. ಇನ್ನೊಂದು ನಮ್ಮ ಫೋನಿನ ಸೆಟ್ಟಿಂಗ್ಸಿನಲ್ಲಿ ಇರುವ ಡೇಟಾ ರೋಮಿಂಗ್ ಸ್ವಿಚ್ಚು. ಎರಡೂ ತೆರೆದಿದ್ದರೆ ಮಾತ್ರ ಹೊರದೇಶದಲ್ಲಿ ನೆಟ್ ಓಡುತ್ತದೆ. ನನ್ನದು ಎರಡೂ ತೆರೆದಿತ್ತು. ಎರಡು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೋದಾಗ ಸೇವೆ ಹಾಕಿಸಿದ್ದೆ. ಪ್ಯಾಕಿನ ಅವಧಿ ಮುಗಿಯಿತು, ಸೇವೆ ಹಾಗೇ ಉಳಿಯಿತು. ಪ್ಯಾಕ್ ಬೇರೆ, ಸೇವೆ ಬೇರೆ. ಪ್ಯಾಕ್ ಮುಗಿದರೆ ಎಲ್ಲ ಮುಗಿಯಿತು ಅಂತಲೇ ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಫೋನಿನ ಸ್ವಿಚ್ಚನ್ನು ಕಳೆದ ವರ್ಷ ಕೊಡಗಿನಲ್ಲಿ ನೆಟ್ ಬರುತ್ತಿಲ್ಲ ಅಂದಾಗ ಒಬ್ಬ ಅಂಗಡಿಯವರು ಆನ್ ಮಾಡಿಕೊಟ್ಟಿದ್ದರು. ಒಳ್ಳೆಯದಕ್ಕೇ ಮಾಡಿಕೊಟ್ಟದ್ದು. ಆಮೇಲೆ ನಾನು ಆ ಕಡೆ ನೋಡಲೇ ಇಲ್ಲ.

ಅಮ್ಮನದು ಪ್ರೀಪೇಯ್ಡ್ ಸಿಮ್ಮು, ಆ ಸೇವೆಯೂ ಇರಲಿಲ್ಲ. ಅದರಲ್ಲಿ ಸಿಗ್ನಲ್ಲೇ ಬರಲಿಲ್ಲ, ಚೀಲದಲ್ಲಿ ಸುಮ್ನೆ ಬಿದ್ದಿತ್ತು. ಒಂದು ಪೈಸೆ ಹೋಗಲಿಲ್ಲ. ಪ್ರೀಪೇಯ್ಡಿನಲ್ಲಿ ಬ್ಯಾಲೆನ್ಸ್ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ಪೋಸ್ಟ್‌ಪೇಯ್ಡಿನಲ್ಲಿ ಏರುತ್ತಲೇ ಹೋಗುತ್ತದೆ. ಕ್ರೆಡಿಟ್ ಲಿಮಿಟ್ ಅಂತ ಒಂದು ಇರುತ್ತದೆ, ನಿಜ. ಆದರೆ ನಾವು ಬಳಸಿದ ಲೆಕ್ಕ ಅಲ್ಲಿನ ಕಂಪನಿಯಿಂದ ನಮ್ಮ ಕಂಪನಿಗೆ ಬಂದು ಸೇರುವುದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಇವರು ನೋಡಿ ನಿಲ್ಲಿಸುವ ಹೊತ್ತಿಗೆ ನನ್ನದು ಲಿಮಿಟ್ಟಿನ ಎಷ್ಟೋ ಪಟ್ಟು ದಾಟಿಹೋಗಿತ್ತು.

ಬಿಲ್ಲಿನ ವಿವರ ನೋಡಿ. ಪ್ಯಾಕ್ ಇಲ್ಲದವರಿಗೆ 10 ಕೆಬಿಗೆ 1 ರೂಪಾಯಿ ದರ ಹಾಕಿದ್ದಾರೆ. ಓದುವಾಗ ಸಣ್ಣದು ಅನ್ನಿಸುತ್ತದೆ, ಅಲ್ವಾ? ಆದರೆ ಅದು 1 ಎಂಬಿಗೆ 102 ರೂಪಾಯಿ ಆಯಿತು. ಇಡೀ ದಿನ ನಾನು ಬಳಸಿದ್ದು 146 ಎಂಬಿ. ಊರಿನಲ್ಲಿ ಇದ್ದರೆ ಬೆಳಿಗ್ಗೆ ಕಾಫಿ ಕುಡಿದು ಮುಗಿಸುವುದರೊಳಗೆ ಖರ್ಚಾಗುವಷ್ಟು. ಅದಕ್ಕೆ 14,950. ಬಂದ ಕರೆ 31 ನಿಮಿಷ, ನಿಮಿಷಕ್ಕೆ 50ರಂತೆ 1,550. ನಾನು ಮಾಡಿದ ಕರೆ 4 ನಿಮಿಷ, 300. ಇದರ ಮೇಲೆ 18% ಜಿಎಸ್‌ಟಿ.

ಬಂದ ಕರೆಗೂ ದುಡ್ಡು, ಇದನ್ನು ಎಷ್ಟು ಸಾರಿ ಹೇಳಿದರೂ ಕಡಿಮೆಯೇ. ನಮ್ಮ ದೇಶದೊಳಗೆ ಬಂದ ಕರೆ ಪುಕ್ಕಟೆ ಅನ್ನುವುದು ಮೈಗೆ ಹತ್ತಿಹೋಗಿದೆ. ಶಿವಮೊಗ್ಗದಿಂದ ಅಕ್ಕ ಮೂರು ಸಾರಿ ಫೋನ್ ಮಾಡಿದಳು. ಅಮ್ಮನ ಕಾಲುನೋವು ಹೇಗಿದೆ, ಊಟ ಸೇರುತ್ತಿದೆಯಾ, ಮಾತ್ರೆ ತಗೊಂಡರಾ ಅಂತ. ಅವಳೇ ಮಾಡಿದ್ದು, ಅವಳ ದುಡ್ಡು ಅಂತ ಇಬ್ಬರೂ ನಿಧಾನವಾಗಿ ಮಾತಾಡಿದೆವು. ಇದನ್ನು ಅವಳಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಇನ್ನೂ ಹೇಳಿಲ್ಲ.

ಇನ್ನು ಆ 146 ಎಂಬಿಯಲ್ಲಿ ನಾನಾಗಿಯೇ ಬಳಸಿದ್ದು ತೀರಾ ಕಡಿಮೆ. ಯಾತ್ರೆಯ ವಾಟ್ಸಾಪ್ ಗುಂಪಿನಲ್ಲಿ 28 ಜನ ಇದ್ದೆವು. ಹೋಟೆಲಿನ ವೈಫೈನಲ್ಲಿ ಅವರು ಹಾಕಿದ ಫೋಟೊ, ವಿಡಿಯೊ, ಊರಿನ ಗುಂಪುಗಳ ಶುಭೋದಯದ ಚಿತ್ರಗಳು ಎಲ್ಲವೂ ತಾವಾಗಿಯೇ ಇಳಿಯುತ್ತಿದ್ದವು. ಗ್ಯಾಲರಿಯ ಬ್ಯಾಕಪ್ಪು ಮೊಬೈಲ್ ಡೇಟಾದಲ್ಲೂ ಓಡುವಂತೆ ಇತ್ತು. ನಾನು ಕಮಾನಿನ ಹತ್ತಿರ ತೆಗೆದ ಫೋಟೊಗಳು ಜೇಬಿನಲ್ಲಿದ್ದ ಫೋನಿನಿಂದಲೇ ಮೇಲೆ ಹೋಗುತ್ತಿದ್ದವು. ಫೋನು ಮುಟ್ಟದೇ ಇದ್ದರೆ ಖರ್ಚಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದುಡ್ಡಿನ ವಿಷಯ ಒಂದು ಕಡೆ ಇರಲಿ. ನನಗೆ ಈಗಲೂ ನೆನೆದರೆ ಸಂಕಟವಾಗುವುದು ಮುಕ್ತಿನಾಥದಲ್ಲಿ ಆದದ್ದು. ಪೋಖರಾದಲ್ಲಿ ರಾತ್ರಿ ಲಿಮಿಟ್ ದಾಟಿದೆ ಅಂತ ಮೆಸೇಜು ಬಂದಿತ್ತು, ಅದನ್ನೂ ನೋಡಿರಲಿಲ್ಲ. ಮಾರನೇ ದಿನ ನೆಟ್ ನಿಂತಾಗ ಬೆಟ್ಟದ ಸೀಮೆ, ಸಿಗ್ನಲ್ ಇರಲಿಕ್ಕಿಲ್ಲ ಅಂದುಕೊಂಡೆ. ಮುಕ್ತಿನಾಥ 3,700 ಮೀಟರಿಗೂ ಮೇಲೆ ಇದೆ. ಜೀಪು ರಾಣಿಪೌವಾದವರೆಗೆ ಮಾತ್ರ, ಅಲ್ಲಿಂದ ನಡೆದು ಮೆಟ್ಟಿಲು ಹತ್ತಬೇಕು, ಇಲ್ಲವೇ ಕುದುರೆ. 108 ಧಾರೆಗಳ ಕೆಳಗೆ ತಲೆ ಒಡ್ಡಿ ಬಂದ ಮೇಲೆ ಅಮ್ಮನಿಗೆ ಉಸಿರು ಹಿಡಿದುಕೊಂಡಂತೆ ಆಯಿತು. ಕಲ್ಲಿನ ಮೇಲೆ ಕೂತುಬಿಟ್ಟರು. ತುಟಿ ಬಿಳಿಚಿಕೊಂಡಿತ್ತು. ಕೆಳಗಿದ್ದ ಟೂರ್ ಮ್ಯಾನೇಜರಿಗೆ ಫೋನ್ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ, ಈ ಸೇವೆ ನಿಲ್ಲಿಸಲಾಗಿದೆ ಅಂತ ಧ್ವನಿ ಬಂತು. ಸಿಗ್ನಲ್ ಪಟ್ಟಿ ಪೂರ್ತಿ ತೋರಿಸುತ್ತಿದೆ, ಕರೆ ಮಾತ್ರ ಹೋಗುತ್ತಿಲ್ಲ. ನಮ್ಮ ಗುಂಪಿನ ಹಾಸನದ ಹಿರಿಯರೊಬ್ಬರು ಗಡಿ ದಾಟಿದ ಮೇಲೆ ಸಿಗುವ ಭೈರಹವಾ ಊರಿನಲ್ಲೇ ನೇಪಾಳದ ಸಿಮ್ಮು ತಗೊಂಡಿದ್ದರು. ಅವರು ಫೋನು ಕೊಟ್ಟರು, ಮ್ಯಾನೇಜರು ಕುದುರೆ ಕಳಿಸಿದರು, ಅಮ್ಮನನ್ನು ಇಳಿಸಿಕೊಂಡು ಜೋಮ್‌ಸೋಮಿಗೆ ಬಂದೆವು. ಕೆಳಗೆ ಬಂದಂತೆ ಸುಧಾರಿಸಿಕೊಂಡರು. ಆ ರಾತ್ರಿ ಲಾಡ್ಜಿನ ವೈಫೈನಲ್ಲಿ ಕಂಪನಿಯ ಆ್ಯಪ್ ತೆಗೆದಾಗಲೇ ನನಗೆ ಎಲ್ಲ ಗೊತ್ತಾದದ್ದು. ಬಾಕಿ ದುಡ್ಡನ್ನು ಅಲ್ಲಿಂದಲೇ ಕಟ್ಟಿದೆ, ಇಲ್ಲದಿದ್ದರೆ ವಾಪಸ್ ಬರುವವರೆಗೂ ಒಂದು ಕರೆಗೂ ಗತಿ ಇರಲಿಲ್ಲ.

ಊರಿಗೆ ಬಂದು ದೂರು ಕೊಟ್ಟೆ. ದರದ ಮೆಸೇಜು ಕಳಿಸಿದ್ದೇವಲ್ಲ ಸರ್ ಅಂದರು. ಅದಾದ ಮೇಲೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೂ ಬರೆದೆ. ನಮ್ಮಲ್ಲಿ ಎಲ್ಲ ಟೆಲಿಕಾಂ ಕಂಪನಿಗಳಲ್ಲೂ ಈ ಎರಡು ಹಂತ ಇರಲೇಬೇಕು, ಮೊದಲ ದೂರಿಗೆ ಅವರು ಕೊಡುವ ನಂಬರನ್ನು (ಡಾಕೆಟ್ ನಂಬರ್) ಇಟ್ಟುಕೊಂಡಿರಿ. ನನಗೆ ಅಲ್ಲೂ ಇಲ್ಲ ಅಂತಲೇ ಉತ್ತರ ಬಂತು.

ಹಾಗಾಗಿ ಹೊರಡುವ ಮೊದಲೇ ಮಾಡಿಕೊಳ್ಳಬೇಕಾದ್ದು ಇಷ್ಟು. ಕಂಪನಿಯ ಆ್ಯಪಿನಲ್ಲೋ ಕಸ್ಟಮರ್ ಕೇರಿನಲ್ಲೋ ಕೇಳಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇದೆಯಾ ನೋಡಿ, ಬೇಡದಿದ್ದರೆ ತೆಗೆಸಿ. ಬ್ಯಾಂಕಿನ ಒಟಿಪಿಗಾಗಿ ನಂಬರ್ ಜೀವಂತ ಇರಬೇಕು ಅನ್ನುವವರು ಸೇವೆ ಇಟ್ಟುಕೊಂಡು, ಫೋನಿನಲ್ಲಿ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಸಾಮಾನ್ಯವಾಗಿ ಬಂದ ಎಸ್ಸೆಮ್ಮೆಸ್ಸಿಗೆ ದುಡ್ಡು ಹಿಡಿಯುವುದಿಲ್ಲ, ಆದರೂ ನಿಮ್ಮ ಪ್ಲಾನಿನಲ್ಲಿ ಹೇಗಿದೆ ಕೇಳಿಕೊಳ್ಳಿ. ಎರಡು ಸಿಮ್ಮಿನ ಫೋನಾದರೆ ಪ್ರತಿ ಸಿಮ್ಮಿಗೂ ಬೇರೆ ಬೇರೆ ಸ್ವಿಚ್ಚು ಇರುತ್ತದೆ, ಎರಡನ್ನೂ ನೋಡಿ. ಒಂದು ಸಿಮ್ಮಿನಲ್ಲಿ ಸಿಗ್ನಲ್ ಹೋದರೆ ಇನ್ನೊಂದರ ಡೇಟಾಕ್ಕೆ ತಾನಾಗಿಯೇ ಜಿಗಿಯುವ ಸೌಲಭ್ಯ ಕೆಲವು ಫೋನುಗಳಲ್ಲಿ ಇದೆ, ಅದನ್ನೂ ತೆಗೆಯಿರಿ. ಕಾಲ್ ಫಾರ್ವರ್ಡ್ ಹಾಕಿದ್ದರೆ ರದ್ದು ಮಾಡಿ, ನೀವು ಎತ್ತದ ಕರೆಗೂ ಬಿಲ್ಲು ಆಗಬಹುದು. ವಾಟ್ಸಾಪಿನ ಆಟೊ ಡೌನ್‌ಲೋಡು, ಫೋಟೊ ಬ್ಯಾಕಪ್ಪು ಎರಡನ್ನೂ ವೈಫೈಗೆ ಮಾತ್ರ ಇಡಿ.

ಪ್ಯಾಕ್ ಹಾಕಿಸುವುದಾದರೆ ಪಟ್ಟಿಯಲ್ಲಿ ನೇಪಾಳ ಅಂತ ಹೆಸರು ಇದೆಯಾ ನೋಡಿ. ಅಲ್ಲಿ ಯಾವ ಕಂಪನಿಯ ಟವರಿನಲ್ಲಿ ಆ ಪ್ಯಾಕ್ ನಡೆಯುತ್ತದೆ ಅಂತಲೂ ಕೇಳಿ, ಬೇಕಾದರೆ ಅದನ್ನೇ ಕೈಯಾರೆ ಆರಿಸಿಕೊಳ್ಳಿ. ವಾರಕ್ಕಿಂತ ಜಾಸ್ತಿ ಇರುವವರಿಗೆ ಅಲ್ಲಿನ ಸಿಮ್ಮೇ ಒಳ್ಳೆಯದು. ಗುರುತಿನ ಚೀಟಿ, ಒಂದು ಫೋಟೊ ಇಟ್ಟುಕೊಂಡಿರಿ. ಎನ್‌ಸೆಲ್ ಮತ್ತು ನೇಪಾಳ ಟೆಲಿಕಾಂ ಎರಡು ದೊಡ್ಡ ಕಂಪನಿಗಳು. ಮುಕ್ತಿನಾಥದ ಕಡೆ ಹೋಗುವವರಿಗೆ ನೇಪಾಳ ಟೆಲಿಕಾಂ ವಾಸಿ ಅಂತ ಅಲ್ಲಿನ ಡ್ರೈವರುಗಳೇ ಹೇಳಿದರು, ಹಾಸನದವರದ್ದೂ ಅದೇ. ಗುಂಪಿನಲ್ಲಿ ನಾಲ್ಕು ಜನಕ್ಕೆ ಒಂದು ಸಿಮ್ಮು ಇದ್ದರೂ ಸಾಕು.

ನೇಪಾಳಕ್ಕೆ ಹೋಗದವರೂ ಒಂದು ವಿಷಯ ತಿಳಿದಿರಿ. ರಾಮೇಶ್ವರಕ್ಕೆ ಹೋದವರು ಧನುಷ್ಕೋಡಿಯ ತುದಿಯಲ್ಲಿ ನಿಂತರೆ ಕೆಲವೊಮ್ಮೆ ಶ್ರೀಲಂಕಾದ ನೆಟ್‌ವರ್ಕು ಹಿಡಿಯುತ್ತದೆ. ನಮ್ಮ ನೆಲದ ಮೇಲೇ ನಿಂತಿರುತ್ತೀರಿ, ಫೋನು ಮಾತ್ರ ವಿದೇಶದಲ್ಲಿರುತ್ತದೆ.

ಮುಂದಿನ ತಿಂಗಳು ಚಿಕ್ಕಪ್ಪ, ಚಿಕ್ಕಮ್ಮ ಇದೇ ಯಾತ್ರೆಗೆ ಹೊರಟಿದ್ದಾರೆ. ನಿನ್ನೆ ಸಂಜೆ ಅವರ ಮನೆಗೆ ಹೋಗಿ ಇಬ್ಬರ ಫೋನನ್ನೂ ತೆಗೆದು ನೋಡಿದೆ. ಚಿಕ್ಕಪ್ಪನ ಪೋಸ್ಟ್‌ಪೇಯ್ಡ್ ನಂಬರಿನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇತ್ತು. ಅವರು ಇದುವರೆಗೆ ದೇಶ ಬಿಟ್ಟು ಹೊರಗೆ ಹೋದವರೇ ಅಲ್ಲ.